ಚಿಕ್ಕದಾಗುತ್ತಿದ್ದ ಅಂಗಿಗಳು

ಜೂನ್ ೯

ಪ್ರೀತಿಯ ತಂಗಿಗೆ,

ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ‘ಹೂಂ’ ಬಿಟ್ಟರೆ ಬೇರೆ ಮಾತಿಲ್ಲ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಕಾಗದದ ಮುಂದೆ ನೀನು ಎಷ್ಟು ಹೂಂಗುಟ್ಟಿದರೂ ನನಗೆ ಕೇಳಿಸುವುದಿಲ್ಲ, ಬರೆದೇ ಉತ್ತರ ಕೊಡಬೇಕು.

ನಿನ್ನ ಭಾವ ಹಾಗೇ ಇದ್ದಾರೆ. ಲಕ್ವ ಹೊಡೆದ ಬಲಗೈ, ಬಲಗಾಲು ಇನ್ನೂ ಸ್ವಾಧೀನಕ್ಕೆ ಬಂದಿಲ್ಲ. ಮಾತು ಒಂದಿಷ್ಟು ಮರಳಿದೆ, ಅದರಲ್ಲಿ ಅರ್ಧ ನನಗೆ ಬೈಗುಳ. ಅವರನ್ನು ಬಿಟ್ಟು ಒಂದು ದಿನವೂ ಹೊರಗೆ ಹೋಗುವ ಹಾಗಿಲ್ಲ. ಇಲ್ಲದಿದ್ದರೆ ಈ ಕಾಗದದ ಬದಲು ನಾನೇ ಬಂದು ನಿನ್ನ ಬಾಗಿಲು ಬಡಿಯುತ್ತಿದ್ದೆ.

ಕೌದಿಯ ಕೆಲಸ ಕೈತುಂಬ ಇದೆ. ತೀರಿಕೊಂಡವರ ಬಟ್ಟೆ ತಂದುಕೊಡುತ್ತಾರೆ, ನಾನು ಕತ್ತರಿಸಿ ಕೌದಿ ಮಾಡಿ ಹಿಂದಕ್ಕೆ ಕೊಡುತ್ತೇನೆ. ಹೋದ ವಾರ ಒಬ್ಬ ಅಂಚೆಯವನ ಹೆಂಡತಿ ಬಂದಿದ್ದಳು. ಅವನ ಖಾಕಿ ಅಂಗಿಗಳ ಜೇಬುಗಳನ್ನು ನಾನು ಹಾಗೇ ಉಳಿಸಿದ್ದೆ. ಅವಳು ಕೌದಿಯನ್ನು ಪೂರ್ತಿ ಬಿಡಿಸಿಯೂ ನೋಡಲಿಲ್ಲ. ಒಂದು ಜೇಬಿಗೆ ಕೈ ತೂರಿಸಿ, ಅಲ್ಲೇ ಇಟ್ಟುಕೊಂಡು, ನನ್ನ ಜೊತೆ ಬಿಸಿಲಿನ ಬಗ್ಗೆ ಮಾತಾಡಿದಳು. ಹೋಗುವಾಗ, ಇವತ್ತು ಹಸಿವಾಗುತ್ತಿದೆ ಎಂದಳು.

ಗುಬ್ಬಿ ಹೋಗಿ ಎರಡು ವರ್ಷವಾಗುತ್ತ ಬಂತು. ನೀನು ಅವಳ ಕಪಾಟಿನ ಬಾಗಿಲು ತೆರೆದಿಲ್ಲ ಅಂತ ನನಗೆ ಗೊತ್ತು. ಊರವರ ಮಕ್ಕಳಿಗೆಲ್ಲ ಹೊಲಿಯುವವಳು ನಾನು, ನನ್ನ ತಂಗಿಯ ಮಗಳಿಗೆ ಹೊಲಿಯಲಿಲ್ಲ ಅನ್ನುವುದು ಒಳಗೆ ಕೊರೆಯುತ್ತಿದೆ. ಬಟ್ಟೆ ಕಳಿಸು. ಒಗೆಯಬೇಡ, ಇಸ್ತ್ರಿ ಮಾಡಬೇಡ. ಇದ್ದ ಹಾಗೇ ಕಳಿಸು.

ನಿನ್ನ ಅಕ್ಕ


ಜುಲೈ ೨

ಅಕ್ಕ,

ಬಸ್ಸಿನ ಪಾರ್ಸಲ್‌ನಲ್ಲಿ ಬಟ್ಟೆ ಕಳಿಸಿದ್ದೇನೆ. ನೀಲಿ ಚುಕ್ಕೆಯ ಫ್ರಾಕು, ಹಳದಿ ಅಂಗಿ, ಶಾಲೆಯ ಯೂನಿಫಾರ್ಮು, ಎರಡು ಲಂಗ. ಇವು ಈಗ ಚಿಕ್ಕದಾಗಿವೆ, ತೆಗೆದುಕೋ. ಕೆಂಪು ಸ್ವೆಟರ್ ಕಳಿಸುವುದಿಲ್ಲ. ಚಳಿ ಬಂದರೆ ಬೇಕಾಗುತ್ತದೆ.

ಕನ್ನಡಕದ ಅಂಗಡಿಗೆ ದಿನಾ ಹೋಗುತ್ತಿದ್ದೇನೆ. ಜನರನ್ನು ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುತ್ತ, ಈಗ ಕಾಣುತ್ತದಾ, ಈಗ ಕಾಣುತ್ತದಾ ಅಂತ ಕೇಳುವುದು ನನ್ನ ಕೆಲಸ. ಮನೆಯವರು ಗೂಡ್ಸ್ ರೈಲಿನ ಜೊತೆ ಸುತ್ತುತ್ತಿದ್ದಾರೆ. ಮನೆಗೆ ಬರುವುದು ಕಡಿಮೆ. ಗಾರ್ಡುಗಳ ಕೋಣೆಯಲ್ಲೇ ಮಲಗುತ್ತಾರಂತೆ.

ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ. ನೀನು ಕೇಳುವ ಮುಂಚೆಯೇ ಹೇಳಿಬಿಟ್ಟೆ.

ತಂಗಿ


ಜುಲೈ ೧೧

ಪ್ರೀತಿಯ ತಂಗಿಗೆ,

ಗಂಟು ಬಂತು. ಯಾರದೇ ಬಟ್ಟೆ ಬರಲಿ, ಮೊದಲು ನೆಲದ ಮೇಲೆ ಹರಡಿ ಸುಮ್ಮನೆ ನೋಡುವುದು ನನ್ನ ಅಭ್ಯಾಸ. ಹಾಗೇ ಹರಡಿದೆ. ನಿನ್ನ ಭಾವ ಮಂಚದಿಂದಲೇ ಹಳದಿ ಅಂಗಿಯನ್ನು ಗುರುತಿಸಿದರು. ಹುಟ್ಟುಹಬ್ಬಕ್ಕೆ ಅವರೇ ಕೊಡಿಸಿದ್ದು.

‘ಚಿಕ್ಕದಾಗಿವೆ’ ಅಂತ ಬರೆದಿದ್ದೀಯ. ಕೈತಪ್ಪಿ ಬರೆದಿರಬೇಕು. ನಾನೂ ಎಷ್ಟೋ ಸಲ ಅವಳ ಬಗ್ಗೆ ‘ಇದ್ದಾಳೆ’ ಅಂದುಬಿಡುತ್ತೇನೆ.

ಆದರೆ ಒಂದು ಮಾತು. ನೀಲಿ ಫ್ರಾಕಿನ ಕೆಳಗಿನ ಮಡಿಕೆಯನ್ನು ಬಿಚ್ಚಿ ಉದ್ದ ಮಾಡಿದ್ದೀಯ. ಹಳೆಯ ಮಡಿಕೆ ಇದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಒಂದು ಗೆರೆಯ ಹಾಗೆ ಇನ್ನೂ ಗಾಢವಾಗಿದೆ. ದಾರ ಹೊಸದು. ಯೂನಿಫಾರ್ಮಿಗೂ ಹಾಗೇ ಮಾಡಿದ್ದೀಯ. ಗುಬ್ಬಿ ಕೊನೆಯ ಸಲ ಇಲ್ಲಿಗೆ ಬಂದಾಗ ನನ್ನ ಸೊಂಟಕ್ಕೆ ಬರುತ್ತಿದ್ದಳು. ಈ ಫ್ರಾಕನ್ನು ಎತ್ತಿ ಹಿಡಿದರೆ ತೊಡುವವಳ ತಲೆ ನನ್ನ ಎದೆಗೆ ಬರಬೇಕು.

ಸುಮ್ಮನೆ ಕೇಳಿದೆ. ಕಣ್ಣಿಗೆ ಬೀಳುವುದೇ ಅದು, ಏನು ಮಾಡಲಿ.

ಹಳದಿ ಅಂಗಿಯನ್ನು ಕತ್ತರಿಸಿ ಆಯಿತು. ಅಂಚಿನ ಸಾಲು ಕೂಡಿಸುತ್ತಿದ್ದೇನೆ. ಚೆನ್ನಾಗಿ ಬರುತ್ತಿದೆ.

ಅಕ್ಕ


ಜುಲೈ ೧೯

ಅಕ್ಕ,

ಅವಳು ಇದ್ದಾಗಲೇ ಬಿಚ್ಚಿದ್ದು. ಮಕ್ಕಳು ಬೆಳೆಯುತ್ತಾರೆ, ತಾಯಂದಿರು ಮಡಿಕೆ ಬಿಚ್ಚುತ್ತಾರೆ. ಇದರಲ್ಲಿ ಏನು ವಿಶೇಷ? ನಿನಗೆ ಚಿಕ್ಕಂದಿನಿಂದ ಇದೇ ಬುದ್ಧಿ, ಬಟ್ಟೆಯನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡದೆ ಹೊರಗಿನದನ್ನು ಒಪ್ಪಿದವಳಲ್ಲ.

ಇನ್ನೊಂದು ಗಂಟು ಕಳಿಸುತ್ತೇನೆ. ಕೌದಿಗೆ ಅವಸರವಿಲ್ಲ.

ತಂಗಿ


ಆಗಸ್ಟ್ ೧೦

ತಂಗಿ,

ಎರಡನೆಯ ಗಂಟು ಬಂದಿದೆ. ಅದರಲ್ಲಿ ಒಂದು ಹಸಿರು ಫ್ರಾಕಿದೆ, ಬಿಳಿ ಕಾಲರಿನದು. ಅದನ್ನು ನಾನು ನೋಡೇ ಇಲ್ಲ. ಹೊಲಿಗೆ ನಿನ್ನದು, ಗುಂಡಿ ಹಚ್ಚುವಾಗ ನೀನು ದಾರವನ್ನು ಎರಡು ಸುತ್ತು ಜಾಸ್ತಿ ಸುತ್ತುತ್ತೀಯಲ್ಲ, ಹಾಗೇ ಇದೆ. ಅಳತೆ ಮಾತ್ರ ಗುಬ್ಬಿಯದಲ್ಲ. ಕಂಕುಳಲ್ಲಿ ಬೆವರಿನ ಕಲೆ. ಕಾಲರಿನ ಒಳಗೆ ಕೊಳೆ. ಜೇಬಿನಲ್ಲಿ ಅಗಿದ ಚೂಯಿಂಗ್ ಗಮ್ ಕಾಗದಕ್ಕೆ ಅಂಟಿಕೊಂಡಿತ್ತು. ಬೆರಳಿಂದ ಒತ್ತಿದೆ. ಮೆತ್ತಗಿತ್ತು. ಹಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ.

ನಾನು ಎದ್ದು ಕೈ ತೊಳೆದುಕೊಂಡೆ. ಎಷ್ಟೋ ಜನ ಸತ್ತವರ ಬಟ್ಟೆ ಮುಟ್ಟಿದ್ದೇನೆ, ಒಮ್ಮೆಯೂ ಕೈ ತೊಳೆದವಳಲ್ಲ.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ, ಬೈಯಬೇಡ. ನಿನ್ನ ಮನೆಯವರಿಗೆ ಫೋನು ಮಾಡಿದೆ. ಮೊದಲು ಹವಾ, ನೀರು, ಡ್ಯೂಟಿ ಅಂತ ಏನೇನೋ ಹೇಳಿದರು. ನಾನು ಬಿಡಲಿಲ್ಲ. ಕೊನೆಗೆ, "ಅತ್ತಿಗೆ, ಅವಳು ಒಳಗಿನ ಕೋಣೇಲಿ ಕಥೆ ಹೇಳ್ತಾ ಇದ್ಲು. ಅವಳೊಬ್ಬಳೇ ಅಂದ್ಕೊಂಡಿದ್ದೆ. ಆಮೇಲೆ ಯಾರೋ ನಕ್ರು," ಅಂದರು. ಬಾಗಿಲು ತೆರೆದು ನೋಡಲಿಲ್ಲವಾ ಅಂತ ಕೇಳಿದೆ. ಕೈ ಬರಲಿಲ್ಲ ಎಂದರು. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಹೋದವರು ಆಮೇಲೆ ಮನೆಯಲ್ಲಿ ಮಲಗಿಲ್ಲ.

ಸಂಕಟದಲ್ಲಿ ಮನಸ್ಸು ಏನೇನೋ ಆಟ ಆಡುತ್ತದೆ. ನೀನೇ ಬಟ್ಟೆ ಹೊಲಿದು, ನೀನೇ ಕೊಳೆ ಮಾಡಿ, ನೀನೇ ಎರಡು ದನಿಯಲ್ಲಿ ಮಾತಾಡುತ್ತಿದ್ದೀಯಾ? ಹಾಗಿದ್ದರೂ ನಾನು ನಗುವುದಿಲ್ಲ. ಭಾವನನ್ನು ನೋಡುವ ಡಾಕ್ಟರು ನಿಮ್ಮೂರಿನ ಒಬ್ಬ ಮನಸ್ಸಿನ ಡಾಕ್ಟರ ವಿಳಾಸ ಕೊಟ್ಟಿದ್ದಾರೆ. ಕೆಳಗೆ ಬರೆದಿದ್ದೇನೆ. ಹೋಗಿ ಬಾ.

ಅಕ್ಕ


ಆಗಸ್ಟ್ ೨೨

ಅಕ್ಕ,

ಡಾಕ್ಟರ ವಿಳಾಸ ಹರಿದುಹಾಕಿದೆ. ನಾನು ಚೆನ್ನಾಗಿದ್ದೇನೆ. ಈ ಎರಡು ವರ್ಷದಲ್ಲಿ ಇಷ್ಟು ಚೆನ್ನಾಗಿರಲೇ ಇಲ್ಲ.

ನಿನಗೆ ಹೇಳಿಬಿಡುತ್ತೇನೆ. ಅವಳು ಬಂದಿದ್ದಾಳೆ.

ಮೊದಲು ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅಂಗಡಿಯಿಂದ ಬಂದಾಗ ಕೊನೆಯ ಮೆಟ್ಟಿಲಲ್ಲಿ, ಮೊಣಕಾಲಿಗೆ ಗಲ್ಲ ಊರಿಕೊಂಡು. ಮೆಟ್ಟಿಲ ದೀಪ ಕೆಟ್ಟಿತ್ತು, ಮುಖ ಕಾಣಲಿಲ್ಲ. ಕೂತ ರೀತಿ ಮಾತ್ರ ಅವಳದೇ. ನಾನು ಬೀಗ ತೆಗೆದು ಒಳಗೆ ಹೋದೆ, ಬಾಗಿಲು ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಒಳಗೆ ಬಂದಳು. ತಟ್ಟೆ ಇಟ್ಟೆ, ಉಂಡಳು. ಎಲ್ಲಿದ್ದೆ, ಯಾಕೆ ಬಂದೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಹೋಗಿಬಿಡುತ್ತಾಳೆ ಅನ್ನಿಸಿತು.

ಬೆಳೆದಿದ್ದಾಳೆ. ಬೆಳೆಯಲೇಬೇಕಲ್ಲ. ಕಪಾಟಿನಲ್ಲಿದ್ದ ಒಂದೊಂದೇ ಅಂಗಿಯ ಮಡಿಕೆ ಬಿಚ್ಚಿದೆ. ಕೆಲವಕ್ಕೆ ಬಿಚ್ಚಲು ಮಡಿಕೆಯೇ ಉಳಿದಿರಲಿಲ್ಲ, ಅದಕ್ಕೇ ಹಸಿರುದನ್ನು ಹೊಲಿದೆ. ಅದೂ ತೋಳಿನಲ್ಲಿ ಬಿಗಿಯಾಯಿತು, ಕಳಿಸಿಬಿಟ್ಟೆ. ಕೂದಲನ್ನು ಕತ್ತರಿಸಿ ಹಣೆಗೆ ಸರಿಯಾಗಿ ಮಾಡಿದ್ದೇನೆ. ಗುಬ್ಬಿ ಅಂತ ಕರೆದರೆ ಮೊದಮೊದಲು ತಿರುಗುತ್ತಿರಲಿಲ್ಲ. ಈಗ ತಿರುಗುತ್ತಾಳೆ.

ನೀನು ನಂಬುವುದಿಲ್ಲ ಅಂತ ಗೊತ್ತು, ಆದರೂ ಕೇಳು. ಒಳಗಿನ ಕೋಣೆಯ ಸೂರಿನಲ್ಲಿ ನೀರಿನ ಕಲೆ ಇದೆಯಲ್ಲ, ಅದನ್ನು ಗುಬ್ಬಿ ಒಂಟೆ ಅನ್ನುತ್ತಿದ್ದಳು. ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ವಿಷಯ. ಮೊನ್ನೆ ಅವಳು ಅಂಗಾತ ಮಲಗಿ ಮೇಲೆ ನೋಡುತ್ತ, "ಒಂಟೆ ಇವತ್ತು ದಪ್ಪ ಆಗಿದೆ," ಅಂದಳು. ನಾನು ಹೇಳಿಕೊಟ್ಟಿರಲಿಲ್ಲ ಅಕ್ಕ. ಆಣೆ ಮಾಡಿ ಹೇಳುತ್ತೇನೆ.

ಇದರ ಜೊತೆ ಅವಳ ಬಿಳಿ ರಾತ್ರಿ-ಅಂಗಿ ಇಟ್ಟಿದ್ದೇನೆ. ಇದೂ ಚಿಕ್ಕದಾಯಿತು.

ತಂಗಿ


ಆಗಸ್ಟ್ ೨೩

ತಂಗಿ,

ಬೆಳಿಗ್ಗೆ ಬಸ್ಸಿನವನು ಗಂಟು ಕೊಟ್ಟುಹೋದ. ಮೊದಲು ಕಾಗದ ಓದಿದೆ. ನಿನ್ನ ಭಾವ ಏನಾಯಿತು ಅಂತ ಸನ್ನೆಯಲ್ಲಿ ಕೇಳಿದರು, ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡೆ. ಆ ಬಿಳಿ ಅಂಗಿಯನ್ನು ಬಿಡಿಸಲೂ ಧೈರ್ಯವಾಗದೆ ಕಿಟಕಿಯ ಹತ್ತಿರ ಇಟ್ಟು ನೋಡುತ್ತ ಕೂತೆ.

ಅದರ ಕುತ್ತಿಗೆಪಟ್ಟಿಯಲ್ಲಿ ಏನೋ ಸರಿದಾಡಿತು. ಹತ್ತಿರ ಹೋಗಿ ನೋಡಿದೆ. ಹೇನು. ಜೀವ ಇದ್ದದ್ದು. ಬೆಳಕಿಗೆ ಹೆದರಿ ಹೊಲಿಗೆಯ ಸಂದಿಗೆ ನುಗ್ಗುತ್ತಿತ್ತು.

ತಂಗಿ, ಸತ್ತವರು ಬರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದರೂ ತಲೆತುಂಬ ಹೇನು ಹೊತ್ತು ಬರುವುದಿಲ್ಲ. ನಿನ್ನ ಮನೆಯಲ್ಲಿರುವುದು ಉಣ್ಣುವ, ಬೆವರುವ, ತಲೆ ಕೆರೆದುಕೊಳ್ಳುವ ಯಾರದೋ ಮಗು. ದೆವ್ವ ಅಂತ ಆಗಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲವೇನೋ. ಈಗ ನಿಜವಾಗಿಯೂ ಭಯವಾಗುತ್ತಿದೆ.

ಯಾರ ಮಗು ಅದು? ಅವಳನ್ನು ಹೆತ್ತವರಿಗೆ ಗೊತ್ತಿದೆಯಾ? ಅವಳಿಗೂ ಒಂದು ಹೆಸರಿರುತ್ತದಲ್ಲ. ಆ ಹೆಸರಿಟ್ಟು ಕರೆದರೆ ಈಗಲೂ ತಿರುಗುತ್ತಾಳಾ?

ಒಂಟೆಯ ವಿಷಯ ಬಿಡು. ಆ ಕಲೆಯನ್ನು ನಾನೂ ನೋಡಿದ್ದೇನೆ. ಯಾವ ಮಗು ನೋಡಿದರೂ ಒಂಟೆ ಅಂತಲೇ ಅನ್ನುತ್ತದೆ.

ಕೂಡಲೇ ಉತ್ತರ ಬರೆ.

ಅಕ್ಕ


ಸೆಪ್ಟೆಂಬರ್ ೧

ಅಕ್ಕ,

ನೀನು ಗೆದ್ದೆ. ಕೆಳಗಿನ ಕೋಣೆಯ ಬಾಡಿಗೆಯವರ ಹುಡುಗಿ. ಕಡ್ಡಿ ಅಂತ ಕರೆಯುತ್ತಾರೆ, ಕಡ್ಡಿಯ ಹಾಗೇ ಇದ್ದಳು ಬಂದಾಗ. ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ, ಎರಡೆರಡು ಪಾಳಿ. ಮಗು ಶಾಲೆ ಬಿಟ್ಟಮೇಲೆ ಮೆಟ್ಟಿಲ ಮೇಲೆ ಕಾಯುತ್ತಿತ್ತು. ಈಗ ನೋಡು, ಮೈ ತುಂಬಿಕೊಂಡಿದ್ದಾಳೆ.

ಇದೆಲ್ಲ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಗೊತ್ತಿತ್ತು. ಗೊತ್ತಿದ್ದೂ ಗುಬ್ಬಿ ಬಂದಿದ್ದಾಳೆ ಅನ್ನುವುದೂ ನಿಜ. ಎರಡೂ ನಿಜ. ನಿನಗೆ ಅರ್ಥವಾಗುವ ಹಾಗೆ ಹೇಳಲು ನನಗೆ ಬರುವುದಿಲ್ಲ.

ಅವಳ ತಾಯಿ ತನ್ನ ತಂದೆಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದಾಳೆ. ಹೋಗುವಾಗ ಮಗಳ ಕೈಯನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಹತ್ರ ಇದ್ರೆ ನಂಗೆ ಚಿಂತೆ ಇಲ್ಲ," ಅಂದಳು.

ಮೊನ್ನೆಯಿಂದ ಮಗುವಿಗೆ ಜ್ವರ. ಗುಬ್ಬಿಗೆ ಬಂದದ್ದೂ ಇದೇ ದಿನಗಳಲ್ಲಿ. ಹೀಗೇ ಸಂಜೆ ಏರುತ್ತಿತ್ತು, ಹೀಗೇ ತುಟಿ ಒಣಗಿತ್ತು. ಹೋದ ಸಲ ಎಲ್ಲರ ಮಾತೂ ಕೇಳಿದೆ. ಆಸ್ಪತ್ರೆಗೆ ಹಾಕು ಅಂತ ನೀನೇ ಫೋನಿನಲ್ಲಿ ಕೂಗಾಡಿದೆ. ಹಾಕಿದೆ. ಗಾಜಿನ ಬಾಗಿಲಿನಾಚೆ ತಳ್ಳಿಕೊಂಡು ಹೋದರು, ನನ್ನನ್ನು ಈಚೆ ನಿಲ್ಲಿಸಿದರು. ಈ ಸಲ ಕೊಡುವುದಿಲ್ಲ. ಕೆಂಪು ಸ್ವೆಟರ್ ಹಾಕಿ, ಕಿಟಕಿ ಮುಚ್ಚಿ, ಪಕ್ಕದಲ್ಲೇ ಕೂತಿದ್ದೇನೆ. ಒದ್ದೆ ಬಟ್ಟೆ ಹಾಕುತ್ತಿದ್ದೇನೆ. ಅಂಗಡಿಗೆ ಹೋಗುತ್ತಿಲ್ಲ. ಈ ಸಲ ಸರಿಯಾಗಿ ನೋಡಿಕೊಳ್ಳುತ್ತೇನೆ.

ಕೌದಿ ಮುಗಿಸಬೇಡ. ಕತ್ತರಿಸಿದ ತುಂಡುಗಳನ್ನು ಸೇರಿಸಿ ಮತ್ತೆ ಅಂಗಿ ಮಾಡಲಾಗುತ್ತದಾ? ಅವಳಿಗೆ ಬೇಕಾಗಬಹುದು.

ತಂಗಿ


ಸೆಪ್ಟೆಂಬರ್ ೨

ತಂಗಿ,

ಇದನ್ನು ಬಸ್ಸಿನ ಡ್ರೈವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿನ್ನ ಬಾಗಿಲ ಕೆಳಗೆ ತೂರಿಸುತ್ತೇನೆ ಅಂತ ಒಪ್ಪಿದ್ದಾನೆ. ನಿನ್ನ ಫೋನು ಸತ್ತಿದೆ. ನಿನ್ನ ಮನೆಯವರ ರೈಲು ಎಲ್ಲೋ ದಾರಿಯಲ್ಲಿದೆ. ನಿಮ್ಮ ಅಂಗಡಿಯ ಮಾಲೀಕರು ಬಾಗಿಲು ತಟ್ಟಿ ನೋಡುತ್ತೇನೆ ಅಂದರು, ನೀನು ತೆಗೆಯುವುದಿಲ್ಲ ಅಂತ ನನಗೆ ಗೊತ್ತು. ಭಾವನನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕ ಕೂಡಲೇ ನಾನು ಹೊರಡುತ್ತೇನೆ. ಅಷ್ಟರವರೆಗೆ ಕಾಯಬೇಡ. ಎದ್ದು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗು.

ಆವತ್ತು ಆಸ್ಪತ್ರೆಗೆ ಹಾಕು ಅಂದವಳು ನಾನೇ. ಇವತ್ತೂ ನಾನೇ ಹೇಳುತ್ತಿದ್ದೇನೆ. ನನ್ನ ಮೇಲೆ ಎಷ್ಟು ಸಿಟ್ಟು ಬೇಕಾದರೂ ಇಟ್ಟುಕೋ, ಹೊತ್ತುಕೊಳ್ಳುತ್ತೇನೆ.

ಇನ್ನೊಂದು. ಹಳದಿ ಅಂಗಿ ಕತ್ತರಿಸಿದೆ, ಅಂಚು ಕೂಡಿಸಿದೆ ಅಂತ ಬರೆದಿದ್ದೆನಲ್ಲ, ಸುಳ್ಳು. ಒಂದು ದಾರವನ್ನೂ ಕತ್ತರಿಸಿಲ್ಲ. ಕತ್ತರಿ ಹಿಡಿದು ಕೂರುತ್ತೇನೆ, ಎದ್ದುಬಿಡುತ್ತೇನೆ. ಎಷ್ಟೋ ಮನೆಗಳಿಗೆ ಮಾಡಿಕೊಟ್ಟ ಕೈ ಇದು, ಇವಳ ಬಟ್ಟೆಯ ಮುಂದೆ ಕತ್ತರಿ ಕೆಳಗಿಡುತ್ತದೆ. ಗುಬ್ಬಿಯ ಅಂಗಿಗಳೆಲ್ಲ ಇಡಿಯಾಗಿ ನನ್ನ ಪೆಟ್ಟಿಗೆಯಲ್ಲಿವೆ. ನಿನ್ನ ಮಂಚದ ಮೇಲಿರುವವಳು ಬೇರೆ. ಅವಳ ತಾಯಿ ಬದುಕಿದ್ದಾಳೆ, ಮಗಳು ಇದ್ದ ಹಾಗೇ ವಾಪಸು ಸಿಗುತ್ತಾಳೆ ಅಂತ ನಂಬಿಕೊಂಡಿದ್ದಾಳೆ.

ಅಕ್ಕ


ಸೆಪ್ಟೆಂಬರ್ ೨೯

ಅಕ್ಕ,

ನೀನು ಬಂದೆ, ಆಸ್ಪತ್ರೆಯ ನೆಲದ ಮೇಲೆ ನನ್ನ ಪಕ್ಕದಲ್ಲಿ ಮಲಗಿದೆ, ನನ್ನ ತಲೆ ಬಾಚಿದೆ, ಹೋದೆ. ನಾನು ನಿನ್ನ ಜೊತೆ ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದರೆ ಏನು ಹೊರಬರುತ್ತದೋ ಅಂತ ಹೆದರಿದ್ದೆ. ನೀನೂ ಕೇಳಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಕಾಗದ ನೋಡಿ ನಾನು ಆಸ್ಪತ್ರೆಗೆ ಹೋದೆ ಅಂತ ನೀನು ತಿಳಿದಿರಬಹುದು. ಅದನ್ನು ನಾನು ಓದಿದ್ದು ಆಮೇಲೆ, ಮನೆಗೆ ಬಂದು ಬಾಗಿಲು ತೆಗೆದಾಗ. ಅದು ಕಾಲಿಗೆ ಸಿಕ್ಕಿತು.

ಆ ಮಧ್ಯಾಹ್ನ ಅವಳ ಮೈ ಕೆಂಡದ ಹಾಗಿತ್ತು. ಉಸಿರು ಎಳೆದರೆ ಪಕ್ಕೆ ಒಳಗೆ ಹೋಗುತ್ತಿತ್ತು. ಹಣೆಯ ಬಟ್ಟೆ ಬದಲಿಸುತ್ತ ಗುಬ್ಬಿ, ಗುಬ್ಬಿ ಅಂತ ಕರೆದೆ. ಕಣ್ಣು ಬಿಟ್ಟಳು. ನನ್ನನ್ನು ನೋಡಲಿಲ್ಲ, ಬಾಗಿಲ ಕಡೆ ನೋಡಿ ‘ಅವ್ವ’ ಅಂದಳು.

ಗುಬ್ಬಿ ನನ್ನನ್ನು ಅಮ್ಮ ಅನ್ನುತ್ತಿದ್ದಳು. ಒಂದು ಸಲವೂ ಅವ್ವ ಅಂದವಳಲ್ಲ. ಆದರೂ ನಾನು, "ಇಲ್ಲೇ ಇದ್ದೀನಿ ಕಂದ," ಅಂದೆ.

ಅವಳು ನನ್ನ ಕಡೆ ತಿರುಗಿದಳು. ಜ್ವರದಲ್ಲಿ ಅಷ್ಟು ಸ್ಪಷ್ಟವಾಗಿ ಯಾರೂ ನೋಡುವುದಿಲ್ಲ. "ನೀವಲ್ಲ," ಅಂದಳು.

ಅಷ್ಟೇ. ಸಿಟ್ಟಿನಿಂದ ಅಂದದ್ದಲ್ಲ. ಅಂಗಡಿಯಲ್ಲಿ ಗಾಜು ಬದಲಿಸಿದಾಗ ಗಿರಾಕಿಗಳು, ಇದಲ್ಲ, ಇದರಲ್ಲಿ ಕಾಣುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ಕೋಣೆಯ ತುಂಬ ಹರಡಿಕೊಂಡಿದ್ದ ಏನೋ ಒಂದು ತಟ್ಟನೆ ಎದ್ದುಹೋದ ಹಾಗಾಯಿತು. ಮಂಚದ ಮೇಲೆ ಕೆಳಗಿನ ಮನೆಯ ಹುಡುಗಿ ಇದ್ದಳು. ನಾನು ಕತ್ತರಿಸಿದ ಕೂದಲು, ನಾನು ತೊಡಿಸಿದ ಸ್ವೆಟರು. ಅವಳ ಕಣ್ಣು ಗುಬ್ಬಿಯ ಕಣ್ಣಿನ ಹಾಗೆ ಇರಲೇ ಇಲ್ಲ. ಇಷ್ಟು ದಿನ ನಾನು ಏನನ್ನು ನೋಡುತ್ತಿದ್ದೆ ಅಂತ ನನಗೇ ಹೆದರಿಕೆಯಾಯಿತು.

ಎತ್ತಿಕೊಂಡು ಮೆಟ್ಟಿಲು ಇಳಿದೆ. ಟ್ಯಾಕ್ಸಿಯವನಿಗೆ ಆಸ್ಪತ್ರೆ ಅಂದೆ, ಅವನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದ. ಅದೇ ಗಾಜಿನ ಬಾಗಿಲು. ನರ್ಸು ಕೈ ಚಾಚಿದಳು, ನನ್ನ ತೋಳು ಬಿಡಿಸಿಕೊಳ್ಳಲಿಲ್ಲ. "ಕೈ ಬಿಡಿ ಅಮ್ಮ, ನಾವು ನೋಡ್ಕೋತೀವಿ," ಅಂದಳು. ಆವತ್ತೂ ಯಾರೋ ಹೀಗೇ ಅಂದಿದ್ದರು. ಬಿಟ್ಟೆ.

ಆಮೇಲೆ ಮಗುವಿನ ಹೆಸರು ಕೇಳಿದರು.

ನನಗೆ ಗೊತ್ತಿರಲಿಲ್ಲ ಅಕ್ಕ. ಇಷ್ಟು ತಿಂಗಳು ಉಣಿಸಿದ್ದೇನೆ, ಪಕ್ಕದಲ್ಲಿ ಮಲಗಿಸಿಕೊಂಡಿದ್ದೇನೆ, ಅವಳ ನಿಜವಾದ ಹೆಸರು ಒಂದು ದಿನವೂ ಕೇಳಿರಲಿಲ್ಲ. ಆಸ್ಪತ್ರೆಯವರ ಫೋನಿನಿಂದಲೇ ಅವಳ ತಾಯಿಗೆ ಫೋನು ಮಾಡಿದೆ. ಏನಾಯಿತು ಅಂತ ಹೇಳುವ ಮುಂಚೆ ಹೆಸರು ಕೇಳಿದೆ. ಹೆಸರು ಹೇಳಿ, ಈಗಲೇ ಹೊರಟೆ ಅಂದಳು.

ಶ್ವಾಸಕೋಶಕ್ಕೆ ಇಳಿದಿತ್ತಂತೆ. ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದರು. ಮುಂದಿನದೆಲ್ಲ ನೀನೇ ನೋಡಿದ್ದೀಯ. ನೀನು ಬರುವ ಮುಂಚೆ ನಡೆದ ಒಂದನ್ನು ಮಾತ್ರ ಹೇಳಬೇಕು. ಅವಳ ತಾಯಿ ಬಂದು ಮೊದಲು ಮಗಳ ಕೂದಲು ಮುಟ್ಟಿ ನೋಡಿದಳು. ಆಮೇಲೆ ಸ್ವೆಟರು ಬಿಚ್ಚಿ, ತೋಳುಗಳನ್ನು ಒಳಗೆ ಮಾಡಿ ನೀಟಾಗಿ ಮಡಚಿ, ನನ್ನ ಕೈಗೆ ಕೊಟ್ಟಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಬಟ್ಟೆಗಳನ್ನು ನಿನಗೆ ಯಾಕೆ ಕಳಿಸಿದೆ ಅಂತ ಯೋಚಿಸುತ್ತೇನೆ. ಒಗೆದು ಕಳಿಸಬಹುದಿತ್ತು. ಒಗೆಯಲಿಲ್ಲ. ನಿನ್ನ ಕಣ್ಣಿಗೆ ಬೀಳಲಿ ಅಂತಲೇ ಇರಬೇಕು.

ಸ್ವೆಟರು ಇದರ ಜೊತೆ ಇದೆ. ಈಗ ಕತ್ತರಿಸು.

ತಂಗಿ


ಅಕ್ಟೋಬರ್ ೨೦

ಪ್ರೀತಿಯ ತಂಗಿಗೆ,

ಕೌದಿ ಮುಗಿಯಿತು. ನಾಳೆಯ ಬಸ್ಸಿಗೆ ಕೊಡುತ್ತೇನೆ.

ಮೊದಲ ಕತ್ತರಿ ಹಳದಿ ಅಂಗಿಗೆ ಹಾಕಿದೆ. ಬಟ್ಟೆ ಸೀಳುವ ಸದ್ದಿಗೆ ಭಾವ ಕಣ್ಣು ಮುಚ್ಚಿಕೊಂಡರು. ಆಮೇಲೆ ಕೈ ನಿಲ್ಲಲಿಲ್ಲ. ನೀನು ಬಿಚ್ಚಿ ಉದ್ದ ಮಾಡಿದ್ದ ಅಂಚುಗಳನ್ನೆಲ್ಲ ಹಳೆಯ ಗೆರೆಗೇ ಮತ್ತೆ ಮಡಚಿ ಹೊಲಿದಿದ್ದೇನೆ. ಗುಬ್ಬಿ ಎಷ್ಟು ಎತ್ತರ ಇದ್ದಳೋ ಅಷ್ಟೇ ಇರಲಿ. ಸ್ವೆಟರಿನ ಉಣ್ಣೆ ಬಿಚ್ಚಿಕೊಳ್ಳುತ್ತದೆ, ಕತ್ತರಿಸಲು ಬರುವುದಿಲ್ಲ. ಅದನ್ನು ಇಡಿಯಾಗಿ ನಡುವೆ ಹಾಸಿ ಸುತ್ತ ಹೊಲಿದೆ. ತೋಳು ಎರಡೂ ಕಡೆ ಚಾಚಿಕೊಂಡಿದೆ. ಯಾವ ಕೌದಿಯಲ್ಲೂ ನಾನು ಹಾಗೆ ಮಾಡಿದವಳಲ್ಲ.

ಹಸಿರು ಫ್ರಾಕನ್ನು ಸೇರಿಸಿಲ್ಲ. ಅದು ಗುಬ್ಬಿಯದಲ್ಲ. ಒಗೆದು, ತೋಳಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಬೇರೆ ಕಟ್ಟಿ ಇಟ್ಟಿದ್ದೇನೆ. ಯಾರದೋ ಅವರಿಗೆ ಕೊಡು. ತೆಗೆದುಕೊಳ್ಳದಿದ್ದರೆ ಬೇಸರ ಮಾಡಬೇಡ.

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೌದಿ ಅರ್ಧ ಆಗಿದ್ದಾಗ ಒಂದು ಮಧ್ಯಾಹ್ನ ಭಾವ ನನ್ನ ಬೆನ್ನ ಹಿಂದೆ ನೋಡುತ್ತ, ತಡೆತಡೆದು, "ಮಗೂನ ಕೂರಿಸು. ಆಗಿನಿಂದ ನಿಂತಿದೆ," ಅಂದರು. ಅಲ್ಲಿ ಗೋಡೆ ಬಿಟ್ಟರೆ ಏನಿಲ್ಲ. ಇಂಥ ಕಾಯಿಲೆಯವರಿಗೆ ಇಲ್ಲದ್ದು ಕಾಣುವುದುಂಟು ಅಂತ ಡಾಕ್ಟರು ಮುಂಚೆಯೇ ಹೇಳಿದ್ದರು. ಹೌದು ಅಂತ ನನಗೂ ಗೊತ್ತು. ಆದರೂ ಎದ್ದು ಹೋಗಿ ಒಂದು ಕುರ್ಚಿ ತಂದು ಗೋಡೆಯ ಹತ್ತಿರ ಹಾಕಿದೆ. ಯಾಕೆ ಹಾಕಿದೆ ಅಂತ ಕೇಳಬೇಡ. ಕೊನೆಯ ಹೊಲಿಗೆ ಮುಗಿಯುವವರೆಗೆ ಅದನ್ನು ತೆಗೆಯಲಿಲ್ಲ, ಅದರ ಮೇಲೆ ಬಟ್ಟೆ ಇಡಲಿಲ್ಲ, ನಾನೂ ಕೂರಲಿಲ್ಲ. ಮುಗಿದ ಮೇಲೆ ಭಾವ ಆ ಕಡೆ ನೋಡುವುದನ್ನು ಬಿಟ್ಟರು.

ನಿನ್ನ ಮನೆಯವರು ಫೋನು ಮಾಡಿದ್ದರು. ಮನೆಗೆ ಹೋದರೆ ಆಗುತ್ತದಾ ಅಂತ ನನ್ನನ್ನು ಕೇಳುತ್ತಾರೆ. ನಿಮ್ಮ ಮನೆ, ನೀವೇ ಬಾಗಿಲು ತಟ್ಟಿ ನೋಡಿ ಅಂದೆ.

ಅಕ್ಕ


ನವೆಂಬರ್ ೮

ಅಕ್ಕ,

ಕೌದಿ ತಲುಪಿದೆ. ಬಂದ ದಿನ ಬಿಡಿಸಲು ಆಗಲಿಲ್ಲ. ಮನೆಯವರು ಬಂದ ಮೇಲೆ ಇಬ್ಬರೂ ಎರಡು ತುದಿ ಹಿಡಿದು ಬಿಡಿಸಿದೆವು. ಅವರು ಸ್ವೆಟರಿನ ತೋಳನ್ನು ಹಿಡಿದುಕೊಂಡು ಹಾಗೇ ನಿದ್ದೆ ಹೋದರು. ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ, ಬುಧವಾರ ಬರುತ್ತೇನೆ ಎಂದರು. ಬಂದರು.

ಕೆಳಗಿನ ಮನೆಗೆ ಹೋಗಲು ನನಗೆ ತುಂಬ ದಿನ ಹಿಡಿಯಿತು. ಹಸಿರು ಫ್ರಾಕು ಹಿಡಿದು ಬಾಗಿಲಲ್ಲಿ ನಿಂತೆ. ಅವಳ ತಾಯಿ ಫ್ರಾಕನ್ನು ತಿರುಗಿಸಿ ಒಳಗಿನ ಹೊಲಿಗೆ ನೋಡಿದಳು, ನಿನ್ನ ಹಾಗೇ. ತೆಗೆದುಕೊಂಡಳು. "ಮಗೂನ ಮೇಲೆ ಕಳಿಸೋಕೆ ನಂಗಿನ್ನೂ ಆಗಲ್ಲ," ಅಂದಳು. ಸರಿ ಅಂದೆ. ಅದೇ ನ್ಯಾಯ.

ನಿನ್ನೆ ಬಿಸಿಲಿತ್ತು. ಕೌದಿಯನ್ನು ಬಾಲ್ಕನಿಯ ಕಂಬಿಯ ಮೇಲೆ ಹಾಕಿದ್ದೆ. ತಿರುಗಿದರೆ ಬಾಗಿಲಲ್ಲಿ ಅವಳು. ತಾಯಿ ಹಾಲಿನ ಪಾತ್ರೆ ಕೇಳಿ ತರಲು ಕಳಿಸಿದ್ದಳಂತೆ, ಅದೇ ಮೊದಲ ಸಲ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ. ತನ್ನದೇ ಅಂಗಿ. ನಾನು ಪಾತ್ರೆ ತಂದಾಗಲೂ ಹೊಸ್ತಿಲ ಆಚೆಯೇ ನಿಂತು ಕೌದಿಯನ್ನು ನೋಡುತ್ತಿದ್ದಳು. ಇದು ಯಾರ ಬಟ್ಟೆ ಅಂತ ಕೇಳಿದಳು.

ನಾನು ಇದುವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ ಅಕ್ಕ. ಅಂಗಡಿಯಲ್ಲಿ ಮಕ್ಕಳೆಷ್ಟು ಅಂದರೆ ಒಬ್ಬಳು ಅಂದುಬಿಡುತ್ತೇನೆ. ಅವಳಿಗೆ ಹೇಳಿದೆ. "ನನ್ನ ಮಗಳದು. ಗುಬ್ಬಿ ಅಂತ. ತೀರ್ಕೊಂಡ್ಲು."

"ಗೊತ್ತು," ಅಂದಳು. "ಅವಳೇ ಹೇಳಿದ್ಲು."

ಹುಡುಗಿಯ ಮುಖದಲ್ಲಿ ತಮಾಷೆ ಇರಲಿಲ್ಲ, ಭಯವೂ ಇರಲಿಲ್ಲ. ಯಾವಾಗ, ಎಲ್ಲಿ, ಇನ್ನೂ ಏನಂದಳು ಅಂತ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಳಗಿನಿಂದ ಅವಳ ತಾಯಿ ಕರೆದಳು. ಕಡ್ಡಿ ಅಂತಲ್ಲ, ಪೂರ್ತಿ ಹೆಸರು ಹಿಡಿದು. ಹುಡುಗಿ ಆ ಹೆಸರಿಗೆ ತಟ್ಟನೆ ತಿರುಗಿ, ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು, ಮೆಟ್ಟಿಲು ಹಾರುತ್ತ ಇಳಿದುಹೋದಳು.

ನಾನು ತಡೆಯಲಿಲ್ಲ.

ತಂಗಿ